ಪೆಡಲ್ ತುಳಿಯುವ ಮುಂಚೆ

ಪ್ರೀತಿಯ ಚಿಕ್ಕಮ್ಮನಿಗೆ,

ರಾಯದುರ್ಗದಲ್ಲಿ ನಿನ್ನ ಪಕ್ಕ ಕೂತು ಜೀನ್ಸ್ ಹೊಲಿಯುವಾಗಲೂ ನನಗೆ ನಾಟಕದಲ್ಲಿ ವೇಷ ಹಾಕುವುದರದ್ದೇ ಕನಸು. ಶಾಲೆಯಲ್ಲಿ ಮನಸ್ಸು ನಿಲ್ಲದಿದ್ದದ್ದೂ ಅದಕ್ಕೇ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಪೋಲೆಂಡಿನ ಈ ನಾಟಕ ಕಂಪನಿಗೆ ಈಗ ಬಟ್ಟೆ ಹೊಲಿಯುತ್ತೇನೆ. ಕಿಟಕಿಯಾಚೆ ಹಿಮ ಸದ್ದಿಲ್ಲದೆ ಬೀಳುತ್ತದೆ, ಮಡಕಶಿರಾ ದಾರಿಯಲ್ಲಿ ಎಕ್ಕದ ಅರಳೆ ಹಾರಿದ ಹಾಗೆ. ಗೋಡೆಯ ಮೇಲೆ ನಟರ ಹಾವಭಾವದ ಪದಗಳನ್ನು ಪೋಲಿಷ್ ಮತ್ತು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ‘ಉಕ್ವೋನ್’ ಎಂದರೆ ‘ಬೋ’, ನಾವು ತಲೆಬಾಗುವುದು.

ಮೊನ್ನೆ ನಾನು ಹೊಲಿಗೆ ಮಿಷನ್ ಮುಟ್ಟಿ ಕಣ್ಣಿಗೊತ್ತಿಕೊಂಡಾಗ, ನಾಟಕ ಆಡಿಸುವ ಹಾಲಿನಾ ಮೇಡಂ “ಇದು ಉಕ್ವೋನಾ?” ಎಂದು ಕೇಳಿದರು. ಅಲ್ಲ ಎಂದು, ನಿನ್ನ ಬೈಗುಳವನ್ನೇ ಹರಕು ಇಂಗ್ಲಿಷಿನಲ್ಲಿ ಹೇಳಿದೆ: “ಲೇ ಮಾರೇಶ, ದಿನಾ ಪೂರ್ತಿ ಕಾಲಲ್ಲಿ ತುಳೀತೀಯಲ್ಲೋ, ಮೊದ್ಲು ತಪ್ಪಾಯ್ತು ಅನ್ನು!” ಅದಕ್ಕೆ ಅವರ ಗೋಡೆಯಲ್ಲಿ ಹೆಸರಿಲ್ಲ.

ದರ್ಜಿಯ ಪಾತ್ರ ಕೊಡುತ್ತೇನೆ, ಇದನ್ನೇ ರಂಗದ ಮೇಲೆ ಮಾಡು ಎಂದರು. ತುಳಿಯದ ಮಿಷನ್ನಿನ ಹತ್ತಿರ ತಪ್ಪಾಯ್ತು ಅಂದರೆ ಸುಳ್ಳಾಗುತ್ತದೆ, ನಿಜವಾಗಿ ಹೊಲಿಯಲು ಬಿಟ್ಟರೆ ಮಾತ್ರ ಮಾಡುತ್ತೇನೆ ಎಂದುಬಿಟ್ಟೆ. ಕೈಗೆ ಬಂದ ಪಾತ್ರ ಹೋಯಿತು ಎಂದುಕೊಂಡೆ. ಅವರು ಎದ್ದು ಹೋದರು. ಇವತ್ತು ನೋಡಿದರೆ ರಂಗದ ಮೇಲಿಡುವ ಸಾಮಾನಿನ ಲಾರಿಯೊಳಗೆ ನನ್ನ ಮಿಷನ್ನೂ ಇದೆ.

ಚಳಿಗೆ ತುಟಿ ಒಡೆದಿದೆ, ಮತ್ತೇನೂ ತೊಂದರೆಯಿಲ್ಲ. ಕಾರ್ಡಿನಲ್ಲಿ ಜಾಗ ಮುಗಿಯಿತು. ನಾಟಕ ಬೇರೆ ಊರಿನಲ್ಲಿದೆ, ನಾಳೆ ಬೆಳಿಗ್ಗೆ ಹೊರಡುತ್ತೇವೆ.

ಮಾರೇಶ