ಮೂವರ ನಡುವಿನ ಅಳತೆ

ವಿಕ್ಸಮ್, ಮಿಶಿಗನ್
ನವೆಂಬರ್ ೪, ಮಂಗಳವಾರ

ಅನೀಸ್ ಸಾಹೇಬರಿಗೆ ಖಲೀದಾಳ ಸಲಾಮು.

ಸಾಹೇಬರು ಅಂದಿದ್ದಕ್ಕೆ ಮುಖ ಗಂಟು ಹಾಕಿಕೊಳ್ಳಬೇಡಿ. ರಂಜಾನ್ ತಿಂಗಳಿಂದ ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಒಬ್ಬರೇ ಅನ್ನ ಬೇಯಿಸಿಕೊಂಡು ತಿನ್ನುತ್ತಿರುವ ಗಂಡನನ್ನು ಏನೆಂದು ಕರೆಯಬೇಕೋ ನನಗೆ ಹೊಳೆಯಲಿಲ್ಲ. ಫೋನ್ ಮಾಡಿದರೆ ಎರಡನೇ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಮೆಸೇಜ್ ಹಾಕಿದರೆ ನೀವು ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತೀರಿ. ಇಂಗ್ಲಿಷಿನಲ್ಲಿ ಬರೆದರೆ ಆಫೀಸಿನ ಮೇಲ್ ಓದಿದ ಹಾಗಿರುತ್ತದೆ, ಉರ್ದು ಅಕ್ಷರ ನಮ್ಮಿಬ್ಬರಿಗೂ ಅಷ್ಟಕ್ಕಷ್ಟೆ. ಶಿರಾದ ಕನ್ನಡ ಶಾಲೆಯಲ್ಲಿ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದೇ ಈಗ ನಮಗೆ ಗತಿ. ಮಧ್ಯದಲ್ಲಿ ಎದ್ದು ಹೋಗದೆ ಪೂರ್ತಿ ಓದಿ.

ವಿಷಯ ಇಷ್ಟು. ಹದಿನೈದಕ್ಕೆ ಜಿಂಕೆ ಬೇಟೆ ಶುರು. ಹೋದ ತಿಂಗಳು ಮಗಳನ್ನು ನೋಡಲು ಬಂದವರು ಇಡೀ ಶನಿವಾರ ಗ್ಯಾರೇಜಿನಲ್ಲಿ ಬಾಗಿಲು ಹಾಕಿಕೊಂಡು ಕೂತು ಕಾಡತೂಸುಗಳಿಗೆ ಮದ್ದು ತುಂಬಿ, ಒಂದು ಡಬ್ಬಿಯಲ್ಲಿ ಜೋಡಿಸಿಟ್ಟು ಹೋದಿರಲ್ಲ, ಅದರಲ್ಲಿ ಒಂದನ್ನೂ ನೀವು ಹಾರಿಸಕೂಡದು. ಇದನ್ನು ಹೆಂಡತಿಯಾಗಿ ಹೇಳುತ್ತಿಲ್ಲ, ಫಾರ್ಮಸಿಸ್ಟ್ ಆಗಿ ಹೇಳುತ್ತಿದ್ದೇನೆ. ಹೆಂಡತಿಯ ಮಾತನ್ನು ನೀವು ಎಷ್ಟು ಕೇಳುತ್ತೀರಿ ಅನ್ನುವುದು ಓಣಿಗೆಲ್ಲ ಗೊತ್ತು.

ಶುಕ್ರವಾರ ಜುಮ್ಮಾ ನಮಾಜ್ ಮುಗಿಸಿ ನನ್ನ ತಮ್ಮ ಒವೈಸ್ ಊಟಕ್ಕೆ ಬಂದಿದ್ದ. ನಿಮ್ಮನ್ನು ಹೊಗಳಿದ್ದೇ ಹೊಗಳಿದ್ದು. “ಆಪಾ, ಭಾಯಿಜಾನ್ ಸಖತ್ ತಲೆ ಓಡ್ಸಿದಾರೆ. ಆ ರೈಫಲ್‌ಗೆ ಎಷ್ಟು ಮದ್ದು ಹಾಕ್ಬೇಕು ಅಂತ ಯಾವ ಬುಕ್ಕಲ್ಲೂ ಇಲ್ಲ. ಆನ್‌ಲೈನ್‌ನಲ್ಲಿ ಮೂರು ಜನರನ್ನ ಕೇಳಿದ್ರು, ಮೂರು ಜನ ಮೂರು ಥರ ಹೇಳಿದ್ರು. ಸೇಫ್ ಆಗಿರ್ಲಿ ಅಂತ ಮಧ್ಯದ್ದು ಹಿಡ್ದು ಲೋಡ್ ಮಾಡಿದಾರೆ” ಅಂದ. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮೂರು ರೋಗಿಗಳ ಚೀಟಿ ಮುಂದಿಟ್ಟುಕೊಂಡು, ಸರಾಸರಿ ತೆಗೆದು, ನಾಲ್ಕನೆಯವನಿಗೆ ಗುಳಿಗೆ ಕೊಟ್ಟರೆ ನನ್ನ ಲೈಸೆನ್ಸ್ ಹೋಗುತ್ತದೆ, ಅವನ ಪ್ರಾಣವೂ ಹೋದೀತು. ಹಾಗಂತ ಒವೈಸ್‌ಗೆ ಹೇಳಿದೆ. ಅವನು ನಕ್ಕು ಇನ್ನೊಂದು ತುಂಡು ಮಾಂಸ ಹಾಕಿಸಿಕೊಂಡ.

ನಾನು ನಗಲಿಲ್ಲ. ಮಾರನೆಯ ದಿನ ಕೆಲಸಕ್ಕೆ ರಜೆ ಹಾಕಿ ಓದುತ್ತಾ ಕೂತೆ. ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ನನಗೂ ಗೊತ್ತಾಗಿದೆ ಎಂದು ನಿಮಗೆ ತಿಳಿಯಲಿ. ಮಿಶಿಗನ್ನಿನ ಈ ದಕ್ಷಿಣದ ಕಡೆ ಜಿಂಕೆಗೆ ಉದ್ದನೆಯ, ಕುತ್ತಿಗೆ ಸಣ್ಣಗಾದ ಕಾಡತೂಸು ಕಾನೂನಿನ ಪ್ರಕಾರ ನಡೆಯುವುದಿಲ್ಲ. ನೆಟ್ಟಗೆ, ಗಿಡ್ಡಗೆ ಇರುವಂಥದ್ದೇ ಆಗಬೇಕು. ಅದಕ್ಕೆಂದೇ ಇಲ್ಲಿನ ಕೆಲವು ಬಂದೂಕು ಮಾಡುವವರು ಬೇರೆ ಕಾಡತೂಸಿನ ಹಿತ್ತಾಳೆ ಕೊಳವೆ ಕತ್ತರಿಸಿ ತಮ್ಮದೇ ಅಳತೆಯದನ್ನು ಮಾಡಿಕೊಳ್ಳುತ್ತಾರೆ, ಅದಕ್ಕೆ ವೈಲ್ಡ್‌ಕ್ಯಾಟ್ ಅನ್ನುತ್ತಾರೆ. ಯಾವ ಕಂಪನಿಯೂ ಅದನ್ನು ಪರೀಕ್ಷೆ ಮಾಡಿರುವುದಿಲ್ಲ. ಮದ್ದು ಮಾಡುವ ಕಂಪನಿಗೆ ಫೋನ್ ಹಚ್ಚಿದೆ. ನಮ್ಮ ಬಳಿ ಲೆಕ್ಕವಿಲ್ಲ, ಅಂದಾಜಿನಲ್ಲಿ ಹೇಳುವುದೂ ಇಲ್ಲ, ಆ ನಳಿಗೆಯನ್ನು ಕೊರೆದವನನ್ನೇ ಹುಡುಕಿ ಕೇಳಿ ಅಂದಳು ಅಲ್ಲಿನ ಹುಡುಗಿ. ಪುಣ್ಯಾತ್ಗಿತ್ತಿ, ಎಷ್ಟು ನಿಧಾನವಾಗಿ ಬಿಡಿಸಿ ಹೇಳಿದಳು!

ನಿಮ್ಮ ರೈಫಲಿನ ನಳಿಗೆಯ ಮೇಲೆ ಮಾಡಿದವರ ಹೆಸರು ಕೊರೆದಿತ್ತು. ಆತ ಬದುಕಿದ್ದಾರೆ, ಹೋವೆಲ್ ಆಚೆ ಹೊಲದ ನಡುವೆ ಮನೆ. ವಾಲ್ಟರ್ ಅಂತ, ವಯಸ್ಸಾಗಿದೆ, ಕಿವಿ ಮಂದ. ಭಾನುವಾರ ನಾನೇ ಡ್ರೈವ್ ಮಾಡಿಕೊಂಡು ಹೋದೆ. ತಲೆ ಮೇಲೆ ಸ್ಕಾರ್ಫ್ ಹೊದ್ದ ಹೆಂಗಸು ಬಂದೂಕಿನ ವಿಷಯ ಕೇಳಲು ಬಂದಿದ್ದು ನೋಡಿ ಮೊದಲು ಗಾಬರಿಯಾದರು, ಆಮೇಲೆ ಕಾಫಿ ಕೊಟ್ಟರು. ಆ ಕಾಫಿಯ ರುಚಿ ದೇವರಿಗೇ ಪ್ರೀತಿ.

ಒವೈಸ್ ಕಳಿಸಿದ ಆ ಮೂವರ ಉತ್ತರಗಳನ್ನು ಅವರಿಗೆ ತೋರಿಸಿದೆ. ಮೂವರೂ ಅವರಿಗೆ ಪರಿಚಯದವರೇ. ಒಬ್ಬನ ರೈಫಲಿನಲ್ಲಿ ಗುಂಡು ನಳಿಗೆಯೊಳಗೆ ಕೊರೆದ ಗೆರೆಗಳನ್ನು ಮುಟ್ಟುವ ಮೊದಲು ಸ್ವಲ್ಪ ದೂರ ಸಲೀಸಾಗಿ ಓಡುತ್ತದಂತೆ, ಹಾಗಾಗಿ ಒತ್ತಡ ಕಡಿಮೆ. ಇನ್ನೊಬ್ಬನ ಹಿತ್ತಾಳೆ ತೆಳು, ಒಳಗೆ ಜಾಗ ಜಾಸ್ತಿ. ಮೂರನೆಯವನಂತೂ ಅದನ್ನು ಹಾರಿಸಿಯೇ ಇಲ್ಲ, ಕಂಪ್ಯೂಟರ್ ಹೇಳಿದ್ದನ್ನು ಬರೆದಿದ್ದಾನೆ. ನಿಮ್ಮದು ಬಿಗಿ, ಹಿತ್ತಾಳೆಯೂ ದಪ್ಪ. ನೀವು ಹಿಡಿದ ಆ ನಡುವಿನ ಅಳತೆ ನಿಮ್ಮ ರೈಫಲ್ ತಡೆಯುವುದಕ್ಕಿಂತ ಬಹಳ ಮೇಲೆ ಹೋಗಿದೆ ಅಂದರು.

ಸರಿಯಾದ ದಾರಿ ಯಾವುದು ಅಂತಲೂ ಕೇಳಿದೆ. ಗುಂಡು ಕೂರುವ ಜಾಗದ ಅಚ್ಚು ತೆಗೆಯಬೇಕು. ಅದೇ ರೈಫಲಿನಲ್ಲಿ ಹಾರಿಸಿದ ಹಿತ್ತಾಳೆಗೆ ನೀರು ತುಂಬಿ ಒಳಗೆಷ್ಟು ಜಾಗವಿದೆ ನೋಡಬೇಕು. ಗೊತ್ತಿರುವವರ ಕಡೆಯಿಂದ ಲೆಕ್ಕ ಹಾಕಿಸಿ, ಅದಕ್ಕಿಂತ ತುಂಬಾ ಕೆಳಗಿನಿಂದ ಶುರು ಮಾಡಿ, ಒಂದೊಂದು ಸಲವೂ ಹಿತ್ತಾಳೆಯನ್ನು ತಿರುಗಿಸಿ ನೋಡಿ, ಅನುಮಾನ ಬಂದ ಕಡೆ ನಿಲ್ಲಬೇಕು. ಗಂಡಸರಿಗೆ ಅಷ್ಟು ತಾಳ್ಮೆ ಇಲ್ಲ, ಫೋನಿನಲ್ಲೇ ಮದ್ದಿನದೊಂದು ಅಳತೆ ಹೇಳಿಬಿಡಿ ಅಂತಾರೆ, ಅಂತ ವಾಲ್ಟರ್ ಬೇಜಾರು ಮಾಡಿಕೊಂಡರು.

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ನನಗೆ ನಮ್ಮ ವಿಷಯವೇ ತಲೆಯಲ್ಲಿ ಕೊರೆಯುತ್ತಿತ್ತು. ನಮ್ಮ ಜಗಳ ಜೋರಾದಾಗಲೂ ನೀವು ಮಾಡಿದ್ದು ಇದೇ ಅಲ್ಲವೇ? ಶಿರಾದ ನಿಮ್ಮ ಅಣ್ಣ ಬಿಟ್ಟುಬಿಡು ಅಂದರು. ಮಸೀದಿಯ ಇಮಾಮ್ ಸಾಹೇಬರು ಜೊತೆಗೇ ಇರಿ ಅಂದರು. ಆಬರ್ನ್ ಹಿಲ್ಸ್‌ನ ನಿಮ್ಮ ಗೆಳೆಯ ಸ್ವಲ್ಪ ದಿನ ದೂರ ಇದ್ದು ನೋಡು ಅಂದ. ನೀವು ನಡುವಿನದು ಹಿಡಿದು ಶಿಕಾಗೋ ಕಡೆ ಕೆಲಸ ಹುಡುಕಿಕೊಂಡು ಹೋದಿರಿ. ನನ್ನನ್ನು ಮಾತ್ರ ಕೇಳಲಿಲ್ಲ. ಕೇಳಿದ್ದರೆ ಹೋಗಬೇಡಿ ಅನ್ನುತ್ತಿದ್ದೆ. ಆಗ ಸಿಟ್ಟಿನಲ್ಲಿ ಸೂಟ್‌ಕೇಸ್ ಬಾಗಿಲ ತನಕ ತಂದಿಟ್ಟವಳು ನಾನೇ, ಒಪ್ಪುತ್ತೇನೆ. ಆದರೂ ಅನ್ನುತ್ತಿದ್ದೆ.

ಬೇಟೆ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ನೀವು ಬಿಸ್ಮಿಲ್ಲಾ ಹೇಳಿ ಹೊಡೆದ ಜಿಂಕೆಯ ಖೀಮಾಕ್ಕೆ ಇಲ್ಲಿ ಎಷ್ಟು ಮನೆಯವರು ಕಾಯುತ್ತಾರೆ ಅನ್ನುವುದೂ, ಆ ಪೊಟ್ಟಣಗಳನ್ನು ಹಂಚುವಾಗ ನಿಮ್ಮ ಮುಖ ಹೇಗೆ ಅರಳುತ್ತದೆ ಅನ್ನುವುದೂ ನನಗೆ ಗೊತ್ತು. ವಾಲ್ಟರ್ ಈ ಸಲ ನಿಮ್ಮನ್ನು ತಮ್ಮ ಹೊಲಕ್ಕೇ ಕರೆದಿದ್ದಾರೆ. ತಮ್ಮ ಸ್ವಂತ ರೈಫಲ್, ಅದಕ್ಕೆ ವರ್ಷಗಟ್ಟಲೆ ಪರೀಕ್ಷಿಸಿದ ತಮ್ಮದೇ ಕಾಡತೂಸು ಕೊಟ್ಟು, ಪಕ್ಕದಲ್ಲೇ ಕೂರುತ್ತಾರಂತೆ. ಹದಿನಾಲ್ಕರ ಸಂಜೆಯೇ ಬನ್ನಿ. ನಡುವೆ ಹೈವೇಯ ಯಾವ ಎಕ್ಸಿಟ್‌ನಲ್ಲೂ ಪಿಜ್ಜಾ ಗಿಜ್ಜಾ ಅಂತ ನಿಲ್ಲಬೇಡಿ, ಊಟಕ್ಕೆ ಕಾಯುತ್ತೇನೆ.

ಇಂತಿ,
ಇನ್ನೂ ನಿಮ್ಮ ಹೆಂಡತಿಯೇ ಆಗಿರುವ,
ಖಲೀದಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿಮ್ಮ ರೈಫಲ್ ಈಗಿಲ್ಲ. ವಾಲ್ಟರ್ ಹತ್ತಿರ ಹೋಗುವಾಗ ಅದನ್ನೂ ಆ ಡಬ್ಬಿಯನ್ನೂ ಕಾರಿನಲ್ಲಿ ಹಾಕಿಕೊಂಡು ಹೋಗಿದ್ದೆ. ನಾನು ಎಷ್ಟು ಬರೆದರೂ “ಅವಳಿಗೇನ್ ಗೊತ್ತು” ಅಂತ ಕಾಗದ ಮಡಚಿಟ್ಟು ಬೇಟೆಗೆ ಹೊರಡುವವರು ನೀವು. ಒಂದನ್ನು ಹಾರಿಸಿ ತೋರಿಸಿ ಅಂತ ಹಟ ಹಿಡಿದೆ. ಮುದುಕ ಬೇಡವೇ ಬೇಡ ಅಂದರು, ರೈಫಲ್ ಹೋಗುತ್ತದೆ ಅಂದರು. ಹೋಗಲಿ ಅಂದೆ. ಹಳೆಯ ಟೈರಿಗೆ ಅದನ್ನು ಬಿಗಿದು, ನನ್ನನ್ನು ಮಣ್ಣಿನ ದಿಬ್ಬದ ಹಿಂದೆ ಕೂರಿಸಿಕೊಂಡು, ಟ್ರಿಗರಿಗೆ ಕಟ್ಟಿದ ಉದ್ದನೆಯ ಹಗ್ಗ ಎಳೆದರು. ನೀವು ಕೆನ್ನೆ ಒತ್ತಿ ಹಿಡಿಯುವ ಜಾಗದಲ್ಲಿ ಮರ ಉದ್ದಕ್ಕೂ ಸೀಳಿದೆ. ಹಿತ್ತಾಳೆಯ ಚೂರುಗಳು ಟೈರಿನೊಳಕ್ಕೆ ನಾಟಿವೆ. ನಾನು ಅಲ್ಲೇ ಮಣ್ಣಿನ ಮೇಲೆ ಕೂತು ಅತ್ತೆ. ನಿಮಗೆ ಸಿಟ್ಟು ಬರುತ್ತದೆ, ಬರಲಿ. ಇಲ್ಲಿಗೇ ಬಂದು ಮನೆ ಹಾರಿಹೋಗುವ ಹಾಗೆ ಕೂಗಾಡಿ. ಒಂದು ಮಾತೂ ಎದುರಾಡುವುದಿಲ್ಲ, ನಿಮ್ಮ ಎರಡು ಕಣ್ಣುಗಳನ್ನೂ ನೋಡುತ್ತಾ ನಿಂತಿರುತ್ತೇನೆ.