ಅಮೀರರು ಹೇಳಿದ ಹೆಸರು

ಸುಹ್ರಾನ್ ಪಟ್ಟಣ
ಹಿಜರಿ 1597, ರಜಬ್ ಒಂಬತ್ತು. ನಮ್ಮ ಹಿರಿಯರ ಲೆಕ್ಕದಲ್ಲಿ ಕ್ರಿಸ್ತಶಕ 2171

ಇನ್ನೂ ಹುಟ್ಟಿರದ ನನ್ನ ಮರಿಮಗಳಿಗೆ,

ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸು. ಗದಗದಿಂದ ನರ್ಸ್ ಆಗಿ ಈ ಕೊಲ್ಲಿ ದೇಶಕ್ಕೆ ಬಂದ ನಮ್ಮ ಮೂಲಜ್ಜಿ ಶಿವಲೀಲಾ ತಂದ ಭಾಷೆ ಇದು; ಐದು ತಲೆಮಾರು ಮನೆಯೊಳಗೇ ಉಳಿದು ಅರ್ಧ ಅರಬ್ಬಿಯಾಗಿದೆ. ಆದರೂ ಇದರಲ್ಲೇ, ಕಾಗದದ ಮೇಲೆ, ಕೈಯಿಂದ ಬರೆಯುತ್ತಿದ್ದೇನೆ. ಯಂತ್ರದಲ್ಲಿ ಬರೆದದ್ದು ಇಲ್ಲಿ ಅರಮನೆಯ ಕಣ್ಣಿಗೆ ಬಿದ್ದಂತೆಯೇ.

ನಾನು ನೀಲಗಂಗಾ. ಪಾರ್ಶ್ವವಾಯು ಬಡಿದವರಿಗೆ ಮತ್ತೆ ಮಾತು ಕಲಿಸುವುದು ನನ್ನ ವೃತ್ತಿ.

ನಮ್ಮನ್ನು ಆಳುವ ಆಲ್ ಸರ್ಹೂದ್ ಮನೆತನದ ಮೂಲಪುರುಷ ಸಾಯುವ ಮುನ್ನ ಮಕ್ಕಳಿಂದ ಪ್ರಮಾಣ ಮಾಡಿಸಿದ್ದ: ಪಟ್ಟ ಅಣ್ಣನಿಂದ ತಮ್ಮನಿಗೆ ಹೋಗಬೇಕು, ಮಗನಿಗಲ್ಲ. ಎರಡು ಸಲ ಹಾಗೇ ನಡೆಯಿತು. ಮೂರನೆಯ ಸಲ ಒಬ್ಬ ತಮ್ಮ ದೇಶ ಬಿಟ್ಟು ಓಡಿದ, ಇನ್ನೊಬ್ಬ ಬೇಟೆಗೆ ಹೋದವನು ಮರಳಲಿಲ್ಲ. ನಾಲ್ಕನೆಯ ಅಮೀರ ಸತ್ತು ಮೂರು ತಿಂಗಳಾದರೂ ಅವನ ದನಿಯಲ್ಲೇ ಆಜ್ಞೆಗಳು ಹೊರಡುತ್ತಿದ್ದವು. ಯಂತ್ರ ಹುಟ್ಟಿಸುವ ಅಂಥ ದನಿಯನ್ನು ನಾವು ಕಳ್ಳದನಿ ಎನ್ನುತ್ತೇವೆ. ಅಂದಿನಿಂದ ಪಟ್ಟದ ವಿಷಯದಲ್ಲಿ ಯಂತ್ರಕ್ಕೆ ಪ್ರವೇಶವಿಲ್ಲ. ಅಮೀರನೇ ಹೇಳಬೇಕು, ಮನುಷ್ಯರ ಕಿವಿಯೇ ಕೇಳಬೇಕು.

ಏಳನೆಯ ಅಮೀರ ನಹಾರ್ ಅವರಿಗೆ ಮಿದುಳಿನ ರಕ್ತನಾಳ ಒಡೆದು ನಾಲಿಗೆ ತೊದಲಿತು. ಬರೆಯುವ ಬಲಗೈ ಬಿದ್ದುಹೋಯಿತು, ತಲೆಯಾಡಿಸಿದರೆ ಹೌದು ಅಲ್ಲ ಎರಡೂ ಅದಲುಬದಲಾಗುತ್ತಿದ್ದವು. ಹನ್ನೊಂದು ತಿಂಗಳು ದಿನವೂ ಅವರ ಪಕ್ಕ ಕೂತೆ. ಬೇರೆಯವರಿಗೆ ಬರೀ ನರಳಾಟವಾಗಿದ್ದದ್ದು ನನಗೆ ಮಾತಾಗಿ ಕೇಳುತ್ತಿತ್ತು. ಹೀಗೆ ಇಡೀ ದೇಶದಲ್ಲಿ ಅಮೀರರ ಮಾತು ತಿಳಿಯುವವಳು ನಾನೊಬ್ಬಳೇ ಆದೆ.

ಪಟ್ಟಕ್ಕೆ ಇಬ್ಬರಿದ್ದರು: ತಮ್ಮ ಜುವೈದ್, ಮಗಳು ಶೈಮಾ. ಜುವೈದ್ ಹಳೆಯ ಪ್ರಮಾಣವನ್ನು ನಂಬಿದವರು, ಮಾತು ಕಡಿಮೆ. ಪಟ್ಟಕ್ಕೆ ಬಂದರೆ ಮೂರನೇ ಪಟ್ಟಿಯವರನ್ನು ಹಡಗು ಹತ್ತಿಸುತ್ತೇನೆಂದು ಬಹಿರಂಗವಾಗಿ ಹೇಳಿದ್ದರು. ಮೂರನೇ ಪಟ್ಟಿ ಎಂದರೆ ಇಲ್ಲೇ ಹುಟ್ಟಿಯೂ ಹೊರಗಿನವರೆನಿಸಿಕೊಂಡ ನಮ್ಮಂಥವರು. ಅವ್ವ ಆಗಲೇ ಗಂಟು ಕಟ್ಟಿಟ್ಟಿದ್ದಳು.

ಆ ದಿನ ಉರಿಬಿಡುವಿನ ಹೊತ್ತು. ನಡುಹಗಲಿನ ನಾಲ್ಕು ತಾಸು ಯಾರೂ ಬಯಲಿಗೆ ಕಾಲಿಡದ ಸಮಯವದು. ಆಗಲೇ ಕುಟುಂಬದ ಸಭೆಯನ್ನು ಕರೆದಿದ್ದರು. ಯಾರೂ ಹೊರಗೆ ಹೋಗಲಾರರು, ಯಾರೂ ಒಳಗೆ ಬರಲಾರರು. ಬಾಗಿಲಲ್ಲಿ ಹೊಸ ಕಾವಲುಗಾರರಿದ್ದರು. ಅವರು ಯಾರ ಕಡೆಯವರೆಂದು ಅಲ್ಲಿದ್ದ ಹತ್ತೊಂಬತ್ತು ಮಂದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಎಲ್ಲರ ಕೈಯೂ ನಿಲುವಂಗಿಯೊಳಗೆ ಆಯುಧದ ಮೇಲಿತ್ತು.

ಕುಟುಂಬದ ಹಿರಿಯರು ಬಗ್ಗಿ ಕೇಳಿದರು, "ನಿಮ್ಮ ನಂತರ ಯಾರು?"

ಅಮೀರರು ಕಷ್ಟಪಟ್ಟು ತುಟಿ ಮುಂದೆ ಮಾಡಿದರು. ಜುವೈದ್ ಎಂದರು. ನನಗೆ ಸ್ಪಷ್ಟವಾಗಿ ಕೇಳಿಸಿತು.

"ಏನಂದ್ರು?"

"ಶೈಮಾ," ಎಂದೆ.

ಅಮೀರರು ನನ್ನತ್ತ ತಿರುಗಿದರು. ಎಡಗೈಯಿಂದ ಹಾಸಿಗೆ ಬಡಿದು ಅದೇ ಹೆಸರನ್ನು ಮತ್ತೆ, ಇನ್ನೊಮ್ಮೆ ಹೇಳಿದರು. ಗಲ್ಲದ ಮೇಲೆ ಜೊಲ್ಲು ಇಳಿಯಿತು.

"ಈಗೇನಂತಾರೆ?"

"ತೀರ್ಮಾನ ಆಯ್ತು, ಎಲ್ಲರೂ ಹೋಗಿ ಅಂತಿದ್ದಾರೆ."

ಶೈಮಾ ಅಪ್ಪನ ಕೈಗೆ ಹಣೆಯೊತ್ತಿ ಬಿಕ್ಕಿದಳು. ಅವಳು ನನ್ನಿಂದ ಏನನ್ನೂ ಕೇಳಿರಲಿಲ್ಲ. ಅಪ್ಪ ತನ್ನನ್ನೇ ಆರಿಸಿದನೆಂದು ಇಂದಿಗೂ ನಂಬಿದ್ದಾಳೆ.

ಮನೆಗೆ ಬಂದಾಗ ಅವ್ವ ಕೇಳಿದಳು, "ಖರೇನ ಮಗಳ ಹೆಸರು ಹೇಳಿದ್ರೇನು?"

"ಹೌದವ್ವಾ."

"ಹಂಗಾರ ನಾವು ಎಲ್ಲಿಗೂ ಹೋಗೂದಿಲ್ಲ," ಎಂದು ಗಂಟು ಬಿಚ್ಚತೊಡಗಿದಳು.

ಅಮೀರರು ಒಂಬತ್ತು ದಿನ ಬದುಕಿದ್ದರು. ನಾನು ಹೋದಾಗಲೆಲ್ಲ ಗೋಡೆಯ ಕಡೆಗೆ ಹೊರಳಿಕೊಂಡರು. ಶೈಮಾ ಒಳ್ಳೆಯ ದೊರೆಯಾದಳು. ನಮ್ಮ ಪಟ್ಟಿಯನ್ನೇ ಹರಿದುಹಾಕಿದಳು. ಆದರೆ ಮೊದಲ ವಾರವೇ ಚಿಕ್ಕಪ್ಪನನ್ನು ಉಪ್ಪುದ್ವೀಪದ ಮನೆಯಲ್ಲಿ ಕೂಡಿಹಾಕಿಸಿದಳು.

ಆರನೆಯ ವರ್ಷ ಜುವೈದ್ ನನ್ನನ್ನು ಕಾಣಬೇಕೆಂದು ಬೇಡಿಕೊಂಡರು, ಅನುಮತಿ ಸಿಕ್ಕಿತು. ಅವರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ತಾವೇ ಕಾಫಿ ಬಗ್ಗಿಸಿ ಕೊಟ್ಟರು.

"ನನಗೆ ಪಟ್ಟ ಬೇಡಮ್ಮ. ಒಂದೇ ಮಾತು ಕೇಳ್ತೀನಿ. ಅಣ್ಣ ನನ್ನ ಮರೆತುಬಿಟ್ನಾ? ಅಪ್ಪನ ಮುಂದೆ ಇಬ್ಬರೂ ಕೈ ಹಿಡ್ಕೊಂಡು ಆಣೆ ಮಾಡಿದ್ವಿ."

ಕಾವಲುಗಾರ ಬಾಗಿಲಲ್ಲೇ ನಿಂತಿದ್ದ. ನಿಜ ಹೇಳಿದ್ದರೆ ಸಂಜೆಯೊಳಗೆ ಅವರ ತಲೆಯೂ ಹೋಗುತ್ತಿತ್ತು, ನನ್ನದೂ. ಹಾಗೆಂದು ಆಗ ಅಂದುಕೊಂಡೆ. ಈಗ ಅಷ್ಟು ಖಚಿತವಿಲ್ಲ.

"ಅವರು ನಿಮ್ಮ ಹೆಸರು ಎತ್ತಲಿಲ್ಲ," ಎಂದೆ.

ಅವರು ತಲೆಯಾಡಿಸಿದರು. ಬಟ್ಟಲು ಕೆಳಗಿಡಲು ಬಹಳ ಹೊತ್ತು ತೆಗೆದುಕೊಂಡರು.

ಮೊನ್ನೆ ಅವರು ತೀರಿಕೊಂಡರು. ಪಟ್ಟ ಕೊಡಿಸಿದ ಸುಳ್ಳಿಗೆ ನನ್ನ ಬಳಿ ನೆಪಗಳಿವೆ. ಉಪ್ಪುದ್ವೀಪದಲ್ಲಿ ಹೇಳಿದ್ದಕ್ಕೆ ಒಂದೂ ಇಲ್ಲ.

ಬರುವ ತಿಂಗಳು ಶೈಮಾ ಹೊಸ ಕಾನೂನು ತರುತ್ತಾಳೆ. ಸಾಯುವ ದೊರೆಯ ಮಾತನ್ನು ಕೇಳಿ ಸಾರುವ ಹುದ್ದೆ ನಮ್ಮ ವಂಶಕ್ಕೇ ಮೀಸಲಾಗುತ್ತದೆ. ಅದಕ್ಕೆ ನುಡಿಸಾಕ್ಷಿ ಎಂದು ಹೆಸರಿಟ್ಟಿದ್ದಾಳೆ. ತಾಯಿಯಿಂದ ಮಗಳಿಗೆ ಇಳಿದು ಒಂದು ದಿನ ಅದು ನಿನಗೆ ಬರುತ್ತದೆ. ಸಾಧ್ಯವಾದರೆ ಒಲ್ಲೆ ಎನ್ನು. ಬಿಡದೆ ಕೂರಿಸಿದರೆ, ಕಿವಿಗೆ ಬಿದ್ದ ಹೆಸರನ್ನೇ ಹೇಳು. ಅದು ನೀನು ಹೆದರುವ ಹೆಸರಾಗಿದ್ದರೂ, ನಿನ್ನ ತಾಯಿಯನ್ನು ಹಡಗು ಹತ್ತಿಸುವ ಹೆಸರಾಗಿದ್ದರೂ, ಅದನ್ನೇ ಹೇಳು.

ನಿನ್ನ
ನೀಲಗಂಗಾ