ಸೂಜಿಯಿಲ್ಲದ ಚುಚ್ಚುಮದ್ದು

ಫೆಬ್ರವರಿ 6, ಮಧ್ಯಾಹ್ನ

ಮೂರನೆಯ ಚುಚ್ಚುಮದ್ದು ಮುಗಿಯಿತು. ಎಡಗಣ್ಣು ಇನ್ನೂ ಮರಗಟ್ಟಿದೆ. ಬಲಗಣ್ಣಿನ ಆಟ ಮುಗಿದು ಆರು ವರ್ಷ. ಈಗ ಎಡಗಣ್ಣಿನ ಹಿಂಪರದೆಯಲ್ಲೂ — ಅಕ್ಷಿಪಟವಂತೆ ಅದು — ನೀರು ಒಸರುತ್ತಿದೆ. ಯಾರನ್ನು ನೋಡಿದರೂ ಕಿವಿ ಇದೆ, ಟೋಪಿ ಇದೆ, ಮುಖವಿಲ್ಲ. ದಪ್ಪ ಪೆನ್ನು ಹಿಡಿದು ಓರೆಗಣ್ಣಲ್ಲಿ ಬರೆಯುತ್ತಿದ್ದೇನೆ. ಪುಟಕ್ಕೆ ಎಂಟೇ ಸಾಲು. ಇರಲಿ.

ಡಾಕ್ಟರ್ ಚೋಲ್ಪೊನ್ ಮೇಲೆ ಅನುಮಾನ. ಬಲವಾದ ಅನುಮಾನ!

ಮೊದಲ ದಿನವೇ ಹೇಳಿದ್ದಳು. ಇದು ಸಂಶೋಧನೆ, ಅರ್ಧ ಜನಕ್ಕೆ ನಿಜವಾದ ಮದ್ದು, ಉಳಿದರ್ಧಕ್ಕೆ ಸೂಜಿಯೇ ಇಲ್ಲದ ಸಿರಿಂಜನ್ನು ಕಣ್ಣಿಗೊತ್ತಿ ತೆಗೆಯುವುದು, ಯಾರಿಗೆ ಯಾವುದು ಅಂತ ಕೇಳುವಂತಿಲ್ಲ. ಆಮೇಲೆ ಇಪ್ಪತ್ತೆರಡು ಪುಟ ಓದಿದಳು. ನನ್ನ ಗಮನವೆಲ್ಲ ಅವಳ ಧ್ವನಿಯ ಮೇಲೆ — ಉಸಿರು ಸಾಲದು, ಕೊನೆಯ ಸಾಲಿನವರಿಗೆ ಮುಟ್ಟದು. ಮಾತು ಕಿವಿಗೆ ಬೀಳಲಿಲ್ಲ. ದೊಡ್ಡದಾಗಿ ಸಹಿ ಹಾಕಿದೆ.

ಮುದುಕರನ್ನೆಲ್ಲ ಅವಳು ಅತಾ, ಅಂದರೆ ಅಪ್ಪಾ, ಅನ್ನುತ್ತಾಳೆ. ಇವತ್ತು ಅವಳೆಂದಳು, "ಈಗ ಸ್ವಲ್ಪ ಒತ್ತಿದ ಹಾಗಾಗುತ್ತೆ, ಅತಾ." ಹೇಳಿದ್ದು ಅರ್ಧ ಉಸಿರು ಬೇಗ. ಕೈ ಆಮೇಲೆ ಬಂತು. ಎಲೈ ಚೋಲ್ಪೊನ್! ನಲವತ್ತೊಂದು ವರ್ಷ ಬಿಷ್ಕೆಕ್‌ನ ರಂಗದ ಮೇಲೆ ಖಾನನಾಗಿ ಮೆರೆದವನ ಮುಂದೆ ನಟನೆಯೇ? ಅದೂ ಇಂಥ ಕಳಪೆ ನಟನೆಯೇ?

ಫೆಬ್ರವರಿ 7

ನಿನ್ನೆಯ ಅಕ್ಷರ ಪರೀಕ್ಷೆಯ ವಿಷಯ ಬರೆಯುವುದು ಬಿಟ್ಟುಹೋಗಿತ್ತು. ವಿದೇಶದ ಹೊಸ ಪಟ್ಟಿ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆಯಂತೆ. ಅದು ಬರುವವರೆಗೆ ಗೋಡೆಯ ಮೇಲೆ ಹಳೆಯ ಪಟ್ಟಿಯೇ. ಸೋವಿಯತ್ ಕಾಲದ ಶಾಲೆಯಲ್ಲಿ ವರ್ಷಕ್ಕೊಮ್ಮೆ ಸಾಲಾಗಿ ನಿಲ್ಲಿಸಿ ಓದಿಸುತ್ತಿದ್ದರಲ್ಲ, ಅದೇ. ಶಾ, ಬೆ. ಎಮ್, ಎನ್, ಕಾ... ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಪರೀಕ್ಷೆ ಮಾಡುವವಳು ರಾಖತ್. ಚೂಟಿ ಹುಡುಗಿ. ಕೋಲಿನಿಂದ ಅಲ್ಲೊಂದು ಇಲ್ಲೊಂದು ಅಕ್ಷರ ತೋರಿಸುತ್ತಾಳೆ. ಅಕ್ಷರ ಕಾಣದು. ಕೋಲಿನ ಹಿಡಿ ಓರೆಗೆ ಕಾಣುತ್ತದೆ. ಯಾವ ಸಾಲು, ಎಡವೋ ಬಲವೋ ಅಷ್ಟು ತಿಳಿದರೆ ಸಾಕು, ಕಂಠದಿಂದ ಅಕ್ಷರ ತಾನೇ ಹೊರಡುತ್ತದೆ. ಐದು ಸಾಲು ಗುಡುಗಿದೆ!

"ಅಬ್ಬಾ ಅತಾ, ಕಾರಿಡಾರಿಗೆಲ್ಲ ಕೇಳ್ಸಿರತ್ತೆ," ಎಂದಳು. "ಹೋದ ತಿಂಗಳಿಗಿಂತ ಚೆನ್ನಾಗಿದೆ."

ಹಾಗೇ ಬರೆದುಕೋ ಮಗಳೇ. ಮಾತು ಮರೆತ ನಟನಿಗೆ ಮುಂದಿನ ಆಟದಲ್ಲಿ ಪಾತ್ರವಿಲ್ಲ. ಈ ಕಣ್ಣು ಕೆಲಸಕ್ಕೆ ಬಾರದು ಅಂತ ಆಚೆ ಹಾಕಿದರೆ... ಹಾಕಲು ಬಿಡುವುದಿಲ್ಲ.

ಮಾರ್ಚ್ 6

ಸಾಕ್ಷಿ ಸಿಕ್ಕಿತು. ಟೋಕೊನ್ ಬಾಯಿಂದ. ಟ್ರಾಲಿಬಸ್ ಓಡಿಸುತ್ತಿದ್ದವನು, ನನ್ನದೇ ಕಾಯಿಲೆ, ನನ್ನದೇ ಬೆಂಚು. ನನ್ನನ್ನು ಬಾಯ್ಕೆ, ಅಂದರೆ ಅಣ್ಣಾ, ಅನ್ನುತ್ತಾನೆ.

"ಬಾಯ್ಕೆ, ಈ ಸಲ ಚುಚ್ಚಿದ್ಮೇಲೆ ಕಣ್ಣೊಳಗೆ ಕಲ್ಲಂಗಡಿ ಬೀಜ ಈಜ್ತಿದ್ವು. ಕಪ್ಪಗೆ, ದುಂಡಗೆ. ಮದ್ದಿನ ಜೊತೆ ಹೋದ ಗುಳ್ಳೆ ಅಂತೆ. ಎರಡು ದಿನಕ್ಕೆ ಕರಗಿದ್ವು."

"ಹಿಂದಿನ ಸಲ ಇತ್ತೇನೋ?"

"ಇಲ್ಲ. ಮೊನ್ನೆ ತಾನೇ ನಿಜವಾದ ಮದ್ದು ಶುರು ಮಾಡಿದ್ದು. ಡಾಕ್ಟ್ರೇ ಹೇಳಿದ್ರು."

ನನಗೆ ಒಂದು ಬೀಜವೂ ಈಜಿಲ್ಲ! ನಾಲ್ಕು ಸಲ ಚುಚ್ಚಿದರೂ ಇಲ್ಲ.

ಮನೆಗೆ ಬಂದು ಗರ್ಜಿಸಿದೆ. "ಟೋಕೊನ್ ಕುದುರೆಮಾಂಸದ ಕಾಜಿ ಒಯ್ದು ಕೊಟ್ಟಿದ್ದಾನೆ! ಇಲ್ಲದಿದ್ರೆ ಅವನಿಗೆ ಮಾತ್ರ ಯಾಕೆ?"

ಹೆಂಡತಿ ಬುರ್ಮಾ ಹಿಟ್ಟು ನಾದುತ್ತಿದ್ದಳು. "ಮುದುಕಾ, ಅವನ ಹೆಂಡ್ತಿ ಮಗ್ಗುಲ ಮನೆಗೆ ಒಂದ್ ಲೋಟ ಟೀ ಕೊಡಲ್ಲ. ಕಾಜಿ ಕೊಡ್ತಾಳಾ? ನಿನ್ನ ಖಾನನ ಕಿರೀಟ ತೆಗೆದಿಟ್ಟು ಸುಮ್ನೆ ಕೇಳ್ಬಾರದಾ?"

ತಿರುಗಿ ನೋಡಿದೆ. ತಲೆಗೆ ಕಟ್ಟಿದ ಬಿಳಿ ಬಟ್ಟೆ ಕಂಡಿತು. ಕೆಳಗೆ ಬರೀ ಬೂದಿ ಬಣ್ಣ. ಐವತ್ತು ವರ್ಷ ಕಂಡ ಮುಖ...

ಏಪ್ರಿಲ್ 3, ಬೆಳಿಗ್ಗೆ

ಕೇಳಿದೆ. ಡಾಕ್ಟರನ್ನಲ್ಲ, ಟೋಕೊನ್‌ನನ್ನೇ. ಬೆಂಚಿನ ಮೇಲೆ ಕತ್ತು ಹಿಡಿಯುವುದೊಂದು ಬಾಕಿ.

"ಏನ್ ಕೊಟ್ಟೆ? ಯಾರಿಗ್ ಕೊಟ್ಟೆ?"

ಅವನು ನಕ್ಕ. "ಕೊಟ್ಟಿದ್ದು ಕಣ್ಣು! ಆ ಇಪ್ಪತ್ತೆರಡು ಪುಟ ಓದ್ವಾಗ ನಿದ್ದೆ ಹೊಡೀತಿದ್ರಾ ಬಾಯ್ಕೆ? ಪಟ್ಟಿಯಲ್ಲಿ ಮೊದಲಿಗಿಂತ ಎರಡು ಸಾಲು ಕಡಿಮೆ ಓದಿದ್ರೆ ಕಾಯಿಸೋ ಹಾಗಿಲ್ಲ, ನಿಜವಾದ ಮದ್ದೇ ಕೊಡ್ಬೇಕು. ನನಗ್ ಕಾಣ್ಲಿಲ್ಲ, ಕಾಣ್ಲಿಲ್ಲ ಅಂದೆ. ಅಷ್ಟೇ."

ಅಷ್ಟೇ.

ಅಲ್ಲಿ ನಟಿಸುತ್ತಿದ್ದದ್ದು ಒಬ್ಬನೇ — ಈ ಖಾನ. ಚಪ್ಪಾಳೆಯೂ ಅವನಿಗೇ ಬಿತ್ತು. ಸತತ ನಾಲ್ಕು ತಿಂಗಳು.

ಅದೇ ದಿನ, ಸಂಜೆ 4

ರಾಖತ್ ಕೋಲು ಎತ್ತಿದಳು. ಗಂಟಲಲ್ಲಿ ಶಾ, ಬೆ ಸಿದ್ಧವಾಗಿ ನಿಂತಿದ್ದವು. ನುಂಗಿದೆ.

"ಮಗಳೇ, ಅಕ್ಷರ ಬೇಡ. ಪಕ್ಕದಲ್ಲಿ ಬಾಯಿ ತೆರೆದ ಉಂಗುರಗಳ ಪಟ್ಟಿ ಇದೆಯಲ್ಲ, ಅದನ್ನ ತೋರಿಸು. ಅದು ನನಗೆ ಬಾಯಿಪಾಠವಿಲ್ಲ."

ಕೋಲು ಕೆಳಗಿಳಿಯಿತು. ಪಕ್ಕದ ಪಟ್ಟಿಯ ಕಡೆ ಸರಿಯಿತು. ಆಮೇಲೆ, "ಮೊದಲನೇ ಸಾಲು. ಉಂಗುರದ ಬಾಯಿ ಯಾವ ಕಡೆ?"

"ಕಾಣ್ತಿಲ್ಲ."

"ಇದು?"

"ಕಾಣ್ತಿಲ್ಲಮ್ಮ."

ಇಷ್ಟು ಚಿಕ್ಕ ಮಾತನ್ನು ಇಷ್ಟು ಸಣ್ಣ ದನಿಯಲ್ಲಿ ಹಿಂದೆಂದೂ ಆಡಿಲ್ಲ.

ಚೋಲ್ಪೊನ್ ಬಂದಳು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅತಾ, ಸೂಜಿ ಇಲ್ದೇನೂ ಗುಣ ಆಗ್ತಿದೆ ಅಂತ ನಿಮ್ಮ ಅಂಕಿ ನೋಡಿ ತಲೆ ಕೆಡಿಸ್ಕೊಂಡಿದ್ವಿ. ನಿಮ್ಮ ನಾಲ್ಕು ತಿಂಗಳು ಕಸದ ಬುಟ್ಟಿಗೆ."

"ನನ್ನನ್ನ ಆಚೆ ಹಾಕ್ತೀರಾ?"

"ಮೇಲಿನವರನ್ನ ಕೇಳ್ಬೇಕು. ಒಳಗಡೆ ಗಾಯ ಕಟ್ಟಿದ್ರೆ ಆಮೇಲೆ ಮದ್ದು ಹಿಡಿಯಲ್ಲ, ಗೊತ್ತಿರ್ಲಿ."

ಏಪ್ರಿಲ್ 15

ಫೋನ್ ಇಲ್ಲ.

ಏಪ್ರಿಲ್ 22

ಇಲ್ಲ. ಬಾಗಿಲ ಚೌಕಟ್ಟು ನಡುವೆ ಬಾಗಿ ಕಾಣುತ್ತಿದೆ.

ಮೇ 2, ಮಧ್ಯಾಹ್ನ 1

ಕರೆದರು. ಹೋಗಿ ಬಂದೆ.

ಚೋಲ್ಪೊನ್ ಹೇಳಿದಳು, "ನಿಮ್ಮನ್ನ ಹೋಲಿಕೆಯ ಲೆಕ್ಕದಿಂದ ತೆಗೆದಿದ್ದಾರೆ ಅತಾ. ಆದ್ರೆ ಮದ್ದು ಕೊಡೋಕೆ ಒಪ್ಪಿದ್ದಾರೆ. ಇವತ್ತಿಂದು ನಿಜವಾದದ್ದು."

ನಂಬಲೇ? ಮುದುಕನ ಬಾಯಿ ಮುಚ್ಚಿಸಲು ಆಡಿದ ಮಾತಿರಬಹುದು. ಅದೇ ಹನಿ, ಅದೇ ಕಂದು ದ್ರವದ ತೊಳೆತ, ರೆಪ್ಪೆ ಹಿಗ್ಗಿಸುವ ಅದೇ ತಂತಿ. "ಈಗ ಸ್ವಲ್ಪ ಒತ್ತಿದ ಹಾಗಾಗುತ್ತೆ, ಅತಾ." ಮಾತೂ ಕೈಯೂ ಈ ಸಲ ಒಟ್ಟಿಗೇ ಬಂದವು. ಆದರೂ... ಅಭ್ಯಾಸ ಮಾಡಿದರೆ ಯಾರಾದರೂ ಕಲಿತಾರು.

ಮಧ್ಯಾಹ್ನ 3

ಕಿಟಕಿಯ ಬಳಿ ಕೂತಿದ್ದೇನೆ. ಮರಗಟ್ಟಿದ್ದು ಬಿಟ್ಟಿತು. ಬುರ್ಮಾ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸುತ್ತಿದ್ದಾಳೆ. ಅದರ ಮೇಲೊಂದು ನೊಣ. ಕೈ ಬೀಸಿದೆ. ಹೋಗಲಿಲ್ಲ.

"ಯಾರಿಗ್ ಕೈ ಬೀಸ್ತಿದ್ದೀಯಾ ಮುದುಕಾ?"

"ನೊಣ ಕಣೇ."

"ಎಲ್ಲಿದೆ ನೊಣ? ಮನೇಲಿ ಒಂದೂ ಇಲ್ಲ."

ತಲೆ ತಿರುಗಿಸಿದೆ. ಅದೂ ತಿರುಗಿತು. ಕಪ್ಪಗಿದೆ. ದುಂಡಗಿದೆ. ನಿಧಾನಕ್ಕೆ ಈಜುತ್ತ

ಬುರ್ಮಾ, ಇನ್ನೊಂದು! ಬುರ್ಮಾ, ಇಲ್ಲಿ ಬಾ, ಎರಡು...